ಪ್ಲಾಸ್ಟರ್ ಕಾಲು, ನಾಲ್ಕು ಸೀಟಿನ ಸೆಸ್ನಾ: ಮನೆಯಲ್ಲೇ ಕೂತು ಕರಾವಳಿಗೆ ಐದು ದಿನ

ಜುಲೈ ಮೊದಲ ವಾರ ಅಪ್ಪ ಟೆರೇಸಿನ ಪಾಚಿ ಮೇಲೆ ಜಾರಿ ಬಿದ್ದರು. ಬಲಗಾಲಿನ ಮೂಳೆ ಬಿರುಕು, ಆರು ವಾರ ಪ್ಲಾಸ್ಟರ್. ಮುರುಡೇಶ್ವರ, ಗೋಕರ್ಣ ಅಂತ ಬುಕ್ ಮಾಡಿದ್ದ ರೂಮುಗಳನ್ನೆಲ್ಲ ಕ್ಯಾನ್ಸಲ್ ಮಾಡಿದೆವು. ಅಮ್ಮನಿಗೆ ಒಳಗೊಳಗೇ ಸಮಾಧಾನ. ಮಳೆಗಾಲದಲ್ಲಿ ಘಾಟಿ ಇಳಿಯುವುದು ಅವರಿಗೆ ಮೊದಲಿಂದಲೂ ಆಗದು. ಅಪ್ಪನಿಗೆ ಮಾತ್ರ ಚಡಪಡಿಕೆ. 29 ವರ್ಷ ಸರ್ಕಾರಿ ಬಸ್ ಓಡಿಸಿದವರು, ಅದರಲ್ಲಿ ಅರ್ಧಕ್ಕರ್ಧ ಮಂಗಳೂರು, ಧರ್ಮಸ್ಥಳದ ರಾತ್ರಿ ಗಾಡಿಗಳೇ. ಎರಡು ದಿನ ಟಿವಿ ಮುಂದೆ ಕೂತರು. ಮೂರನೇ ದಿನ ಕುಂಟುತ್ತಾ ನನ್ನ ರೂಮಿಗೆ ಬಂದು, "ಅದೇನೋ ವಿಮಾನದ ಆಟ ಆಡ್ತೀಯಲ್ಲ, ಅದರಲ್ಲಿ ನಮ್ಮ ರೋಡುಗಳು ಇದಾವಾ?" ಅಂದರು.

ಇದಾವೆ. ನನ್ನ ಹತ್ತಿರ ಇರುವುದು 2020ರ ಆಗಸ್ಟ್‌ನಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ, ಚಿಕ್ಕದಾಗಿ 'ಸಿಮ್'. ಬಿಂಗ್ ನಕ್ಷೆಯ ಉಪಗ್ರಹ ಚಿತ್ರಗಳನ್ನು ನೆಲಕ್ಕೆ ಹಾಸಿ, ಅದಕ್ಕೆ ಏರು ತಗ್ಗು ಕೊಟ್ಟು, ಚಿತ್ರದಲ್ಲಿ ಕಂಡ ಚಾವಣಿಗಳ ಮೇಲೆ ಕಂಪ್ಯೂಟರೇ ಒಂದೊಂದು ಕಟ್ಟಡ ನಿಲ್ಲಿಸುವ ಲೆಕ್ಕ. ಹಾಗಾಗಿ ಇಡೀ ಭೂಮಿ ಇದೆ. ನಮ್ಮ ಮನೆಯೂ ಇದೆ, ಒಂದು ಅಂತಸ್ತು ಜಾಸ್ತಿಯಾಗಿ, ಇಳಿಜಾರು ಚಾವಣಿ ಹೊತ್ತುಕೊಂಡು.

ಊರು ನೋಡುವುದಕ್ಕೆ ದೊಡ್ಡ ವಿಮಾನ ಸುಮ್ನೆ ದಂಡ. ಏರ್‌ಬಸ್‌ನಲ್ಲಿ ಕೂತರೆ ಮೂವತ್ತು ಸಾವಿರ ಅಡಿ ಮೇಲಿಂದ ಮೋಡ ಎಣಿಸಬೇಕು. ನಾನು ಆರಿಸಿದ್ದು ಸೆಸ್ನಾ 172. 1956ರಲ್ಲಿ ಮಾರುಕಟ್ಟೆಗೆ ಬಂದ, ಇಲ್ಲಿಯವರೆಗೆ 44,000ಕ್ಕೂ ಹೆಚ್ಚು ತಯಾರಾಗಿರುವ ನಾಲ್ಕು ಸೀಟಿನ ಗಾಡಿ. ರೆಕ್ಕೆ ತಲೆಯ ಮೇಲಿರುತ್ತದೆ, ಕಿಟಕಿಯಿಂದ ಕೆಳಗೆ ನೋಡಿದರೆ ಅಡ್ಡ ಏನೂ ಬರುವುದಿಲ್ಲ. ನೆಲದಿಂದ ಸಾವಿರದೈನೂರು ಅಡಿ ಎತ್ತರ, ಬೆಳಗಿನ ಏಳು ಗಂಟೆಯ ಬೆಳಕು. ನೋಡುವುದಕ್ಕೆ ಇಷ್ಟಿದ್ದರೆ ಸಾಕು.

ಒಂದು ಪ್ಲಾಸ್ಟಿಕ್ ಕುರ್ಚಿ, ಕಾಲಿಡಲು ಸ್ಟೂಲು, ಅದರ ಮೇಲೊಂದು ದಿಂಬು. ಕೋ ಪೈಲಟ್ ಸೀಟು ಸಿದ್ಧವಾಯಿತು.

ಮೊದಲನೇ ದಿನ, ಶನಿವಾರ: ಜಕ್ಕೂರು – ಮೈಸೂರು

ಜಕ್ಕೂರಿನ ಚಿಕ್ಕ ಏರೋಡ್ರೋಮಿನಿಂದ ಹೊರಟೆವು. ಜುಲೈ ತಿಂಗಳು, ಗಾಳಿ ಪಡುವಣದಿಂದ. ಗಾಳಿಗೆ ಎದುರಾಗಿ ಏರಬೇಕಾದ್ದರಿಂದ ಯಲಹಂಕದ ಕಡೆ ಮುಖ ಮಾಡಿ ನಿಂತೆವು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಮೇಲಿದೆ. ಇಲ್ಲಿ ಗಾಳಿ ತೆಳು. ಮಿಕ್ಸ್ಚರ್ ಅನ್ನುವ ಕೆಂಪು ಗುಂಡಿಯನ್ನು ಸ್ವಲ್ಪ ಹಿಂದಕ್ಕೆಳೆದು ಪೆಟ್ರೋಲ್ ಕಡಿಮೆ ಮಾಡದಿದ್ದರೆ ಎಂಜಿನ್‌ಗೆ ಪೂರ್ತಿ ಶಕ್ತಿ ಬರುವುದಿಲ್ಲ.

"ಚೋಕ್ ಇದ್ದಂಗೆ," ಅಂದರು ಅಪ್ಪ. ಹೆಚ್ಚುಕಮ್ಮಿ ಹೌದು.

55 ನಾಟ್‌ಗೆ ಮೂತಿ ಎತ್ತಿದೆ. ಹಾಗಂದರೆ ಎಷ್ಟು ಕಿಲೋಮೀಟರ್ ಅಂತ ಕೇಳಿದರು. ಗಂಟೆಗೆ ನೂರರ ಹತ್ತಿರ ಅಂದೆ. "ನೂರರಲ್ಲಿ ರಾಜಹಂಸ ಓಡಿಸಿದೀನಿ, ಒಂದಿನವೂ ಏಳಲಿಲ್ಲವಲ್ಲ!"

ಎಡಕ್ಕೆ ತಿರುಗಿ ಮಾಗಡಿ ಕಡೆ ಹೋದೆವು. ಸಾವನದುರ್ಗ ದೂರದಿಂದಲೇ ಕಾಣಿಸಿತು. 1,226 ಮೀಟರಿನ ಬಂಡೆ, ಮಲಗಿದ ಆನೆಯ ಬೆನ್ನಿನ ಹಾಗೆ. ನಮ್ಮ ಎತ್ತರವೂ ಹೆಚ್ಚುಕಮ್ಮಿ ಅಷ್ಟೇ ಇದ್ದದ್ದರಿಂದ ತುದಿ ಕಣ್ಣಿನ ನೇರಕ್ಕೇ ಬಂತು. ಅದನ್ನು ಒಂದು ಸುತ್ತು ಹಾಕಿ ರಾಮನಗರದ ಹತ್ತಿರ ಮೈಸೂರು ರಸ್ತೆ ಹಿಡಿದೆವು. ಅಲ್ಲಿಂದ ಮುಂದೆ ನನಗೆ ನಕ್ಷೆ ಬೇಕಾಗಲೇ ಇಲ್ಲ. ಐಎಫ್‌ಆರ್ ಅಂದರೆ ಉಪಕರಣ ನೋಡಿ ಹಾರುವ ಪದ್ಧತಿ. ಪೈಲಟ್‌ಗಳು ತಮಾಷೆಗೆ ಅದನ್ನು 'ಐ ಫಾಲೋ ರೋಡ್ಸ್' ಅನ್ನುವುದುಂಟು. ಆ ಪದ್ಧತಿಗೆ ನಮ್ಮನೆಯಲ್ಲೇ ಒಬ್ಬರು ಗುರುಗಳಿದ್ದಾರೆ ಅಂತ ಅವತ್ತು ಗೊತ್ತಾಯಿತು. ಚನ್ನಪಟ್ಟಣದ ಕೆರೆ, ಶಿಂಷಾ ಸೇತುವೆ, ರೈಲ್ವೆ ಗೇಟು ಇದ್ದ ಜಾಗ, ಎಲ್ಲವನ್ನೂ ಬೆರಳಿಟ್ಟು ತೋರಿಸಿದರು.

ಹೆದ್ದಾರಿ ವಿಚಾರದಲ್ಲಿ ಮಾತ್ರ ಗೊಂದಲವಾಯಿತು. ಹತ್ತು ಪಥದ ರಸ್ತೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದದ್ದು. ನೆಲದ ಚಿತ್ರ ಅದಕ್ಕಿಂತ ಹಳೆಯದು. ಬೈಪಾಸ್ ಇರಬೇಕಾದಲ್ಲಿ ಮಣ್ಣು ಕೆದಕಿದ ಹಳದಿ ಪಟ್ಟಿ, ಊರೊಳಗೆ ಹಾದುಹೋಗುವ ಹಳೆ ರಸ್ತೆ. ಅಪ್ಪ ನಿವೃತ್ತರಾಗುವಾಗ ಇದ್ದ ಸ್ಥಿತಿಯೇ. "ಇದೇ ಸರಿ. ಹೊಸದರಲ್ಲಿ ಮದ್ದೂರೇ ಸಿಗಲ್ಲ," ಅಂದರು.

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ, "ತಿಂಡಿಗೆ ಬರ್ತೀರೋ ಇಲ್ಲವೋ? ಎಲ್ಲಿದೀರಾ?" ಅಂತ ಕೂಗಿದರು.

"ಮದ್ದೂರು ದಾಟ್ತಾ ಇದೀವಿ."

"ಹಾಗಿದ್ರೆ ವಡೆ ಅಲ್ಲೇ ತಿನ್ಕೊಳ್ಳಿ."

ಶ್ರೀರಂಗಪಟ್ಟಣದ ಮೇಲೆ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಾವೇರಿ ಊರಿನ ಪಶ್ಚಿಮಕ್ಕೆ ಎರಡಾಗಿ ಸೀಳಿ, ಕೋಟೆ, ಗುಂಬಜ್ ಎಲ್ಲವನ್ನೂ ನಡುವೆ ಇಟ್ಟುಕೊಂಡು, ಪೂರ್ವಕ್ಕೆ ಮತ್ತೆ ಕೂಡಿಕೊಳ್ಳುತ್ತಾಳೆ. ನಾವು ಶಾಲೆಯಲ್ಲಿ ದ್ವೀಪ ಅಂತ ಓದಿರುತ್ತೇವೆ. "ಎಷ್ಟು ಸಾವಿರ ಸಲ ದಾಟಿದೀನೋ. ಒಂದು ಸೇತುವೆ ಬರ್ತಿತ್ತು, ಊರು ಬರ್ತಿತ್ತು, ಇನ್ನೊಂದು ಸೇತುವೆ ಬರ್ತಿತ್ತು, ಅಷ್ಟೇ. ಹೊಳೆ ಒಂದೇ ಅಂತ ತಲೆಗೇ ಹೋಗಿರಲಿಲ್ಲ," ಅಂದರು. ಇನ್ನೊಂದು ಸುತ್ತು ಹಾಕಿಸಿದರು.

ಕೆಆರ್‌ಎಸ್ ನೋಡಿ, ಚಾಮುಂಡಿ ಬೆಟ್ಟವನ್ನು ಎಡಕ್ಕಿಟ್ಟುಕೊಂಡು ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಇಳಿದೆವು. ಸುತ್ತುಗಳೆಲ್ಲ ಸೇರಿ ಒಂದೂಕಾಲು ಗಂಟೆ. ಎಂಜಿನ್ ಆರಿಸುತ್ತಿದ್ದ ಹಾಗೆ ಅಪ್ಪ ಕೇಳಿದ ಪ್ರಶ್ನೆ: "ಇದರ ಕೆಎಂಪಿಎಲ್ ಎಷ್ಟು?"

ಗೊತ್ತಿಲ್ಲದವರಿಗೆ: ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನುವುದು ಸರ್ಕಾರಿ ಬಸ್ ಚಾಲಕರ ಜೀವನದ ಅಂಕಪಟ್ಟಿ. ಡಿಪೋಗೆ ಬಂದ ಕೂಡಲೇ ಅದನ್ನೇ ಕೇಳುತ್ತಾರೆ. ನಾನು ಲೆಕ್ಕ ಹಾಕಿದೆ. ನಿಧಾನಕ್ಕೆ ಹೋದರೆ ಗಂಟೆಗೆ ಒಂಬತ್ತು ಗ್ಯಾಲನ್, ಅಂದರೆ 34 ಲೀಟರ್. 110 ನಾಟ್ ಅಂದರೆ ಗಂಟೆಗೆ 204 ಕಿಲೋಮೀಟರ್. ಭಾಗಿಸಿದರೆ ಆರು.

"ನಮ್ಮ ಎಕ್ಸ್‌ಪ್ರೆಸ್ ಗಾಡಿಗಿಂತ ಒಂದು ಜಾಸ್ತಿನೇ," ಅಂದರು ಅಪ್ಪ. ಆಮೇಲೆ, "ಆದರೆ ಸೀಟು ನಾಲ್ಕೇ ಅಲ್ವಾ. ಡಿಪೋ ಮುಳುಗುತ್ತೆ." ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಗೆ ಗೆರೆ ಹೊಡೆದು, ಹೊರಟ ಹೊತ್ತು, ತಲುಪಿದ ಹೊತ್ತು, ಕಿಲೋಮೀಟರ್, ಇಂಧನ ಅಂತ ಕಲಮು ಮಾಡಿದರು. ಲಾಗ್ ಶೀಟ್ ಅಂತೆ.

ಎರಡನೇ ದಿನ, ಭಾನುವಾರ: ಮೈಸೂರು – ಮೈಸೂರು

ಹೌದು, ಸರಿಯಾಗೇ ಓದಿದಿರಿ.

ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ, ಮಡಿಕೇರಿ, ಸಂಪಾಜೆ ಘಾಟಿ ಇಳಿದು ಮಂಗಳೂರು ಅಂತ ಯೋಜನೆ. ಸಿಮ್‌ನಲ್ಲಿ 'ಲೈವ್' ಹವಾಮಾನ ಹಾಕಿದರೆ ಹೊರಗಿನ ಮಳೆ ಒಳಗೂ ಬರುತ್ತದೆ. ಹುಣಸೂರಿನವರೆಗೆ ಬಿಸಿಲಿತ್ತು. ಪಿರಿಯಾಪಟ್ಟಣ ದಾಟಿದ ಮೇಲೆ ಮೋಡ ಕೆಳಗೆ ಕೆಳಗೆ ಬಂತು. ಕುಶಾಲನಗರದಲ್ಲಿ ಎದುರಿಗೆ ಬರೀ ಬೂದು ಗೋಡೆ.

ಮಡಿಕೇರಿ ಊರೇ ಸುಮಾರು 3,800 ಅಡಿ ಎತ್ತರದಲ್ಲಿದೆ. ದಕ್ಷಿಣಕ್ಕೆ ತಡಿಯಂಡಮೋಳ್ 1,748 ಮೀಟರ್, ಅಂದರೆ 5,700 ಅಡಿ ಮೀರುತ್ತದೆ. ಮೋಡದೊಳಗೆ ನುಗ್ಗಿದರೆ ಯಾವ ಮೋಡದಲ್ಲಿ ಕಲ್ಲಿದೆಯೋ ಗೊತ್ತಾಗುವುದಿಲ್ಲ.

"ಶಿರಾಡಿಯಲ್ಲಿ ಮಂಜು ಕವಿದ್ರೆ ಏನ್ಮಾಡ್ತಿದ್ರಿ?" ಅಂತ ಕೇಳಿದೆ.

"ಮುಂದಿನ ಲಾರಿಯ ಕೆಂಪು ಲೈಟು ನೋಡ್ಕೊಂಡು ಹೋಗೋದು. ಅದೂ ಕಾಣದಿದ್ರೆ ಸೈಡಿಗೆ ಹಾಕಿ ಬೀಡಿ ಹಚ್ಚೋದು."

ವಿಮಾನವನ್ನು ಸೈಡಿಗೆ ಹಾಕುವಂತಿಲ್ಲ. ಹಿಂದೆ ಇನ್ನೂ ಬೆಳಕಿರುವಾಗಲೇ ತಿರುಗಿಕೊಳ್ಳಬೇಕು. ಮೋಡವನ್ನು ಒಂದು ಕ್ಲಿಕ್‌ನಲ್ಲಿ ಅಳಿಸಿಬಿಡಬಹುದು ಅಂತ ಹೇಳಿದೆ. ಅಪ್ಪ ಒಪ್ಪಲಿಲ್ಲ. "ಆಷಾಢದಲ್ಲಿ ಮಡಿಕೇರೀಲಿ ಬಿಸಿಲಾ? ಯಾರಿಗೆ ಮೋಸ ಮಾಡೋಕೆ?" ಸರಿ ಅಂತ ಹಿಂದಿರುಗಿದೆವು. ಲಾಗ್ ಶೀಟಿನಲ್ಲಿ 'ಟ್ರಿಪ್ ರದ್ದು' ಅಂತ ಬಿತ್ತು.

ಮೂರನೇ ದಿನ, ಸೋಮವಾರ ರಾತ್ರಿ: ಮೈಸೂರು – ಮಂಗಳೂರು

ಆಫೀಸ್ ಮುಗಿಸಿ, ಊಟ ಮಾಡಿ ಒಂಬತ್ತಕ್ಕೆ ಕೂತೆವು. ಸಿಮ್‌ನಲ್ಲಿ ಬೆಳಗಿನ ಏಳು. ರಾತ್ರಿಯಿಡೀ ಯೋಚಿಸಿ ಅಪ್ಪ ಒಂದು ರಾಜಿ ಸೂತ್ರ ತಂದಿದ್ದರು: ಮೋಡ ತೆಗೆಯಬಾರದು, ಆದರೆ ಸ್ವಲ್ಪ ಮೇಲೆತ್ತಬಹುದು. ಏಳು ಸಾವಿರ ಅಡಿಗೆ ಎತ್ತಿದೆ. ಗಾಳಿ ನೈಋತ್ಯದಿಂದಲೇ ಇರಲಿ ಅಂತ ಬಿಟ್ಟೆ.

ಮಡಿಕೇರಿ ಮೇಲೆ ಬಂದಾಗ ಅನ್ನಿಸಿದ್ದು, ಘಾಟಿಯನ್ನು ನಾವು ಇಷ್ಟು ವರ್ಷ ತಪ್ಪು ತಿಳಿದಿದ್ದೆವು ಅಂತ. ಬಸ್ಸಿನಲ್ಲಿ ಕೂತವರಿಗೆ ಘಾಟಿ ಅಂದರೆ ತಿರುವುಗಳು, ವಾಂತಿಯ ಕವರು. ಮೇಲಿಂದ ನೋಡಿದರೆ ಅದೊಂದು ಅಂಚು. ಪೂರ್ವದಿಂದ ಬರುವಾಗ ಬೆಟ್ಟ ಹತ್ತಿದ್ದೇ ಗೊತ್ತಾಗುವುದಿಲ್ಲ, ನೆಲವೇ ಮೆಲ್ಲಗೆ ಏರುತ್ತಾ ಬಂದಿರುತ್ತದೆ. ಆಮೇಲೆ ಒಮ್ಮೆಲೇ ನೆಲ ಕಾಲಕೆಳಗಿಂದ ಜಾರಿ ಹೋಗುತ್ತದೆ. ಎತ್ತರ ತೋರಿಸುವ ಮುಳ್ಳು ಅಲ್ಲಾಡಿಲ್ಲ, ಆದರೆ ಮರಗಳು ಚಿಕ್ಕದಾಗುತ್ತಾ ಹೋಗುತ್ತವೆ. ಮದೆನಾಡು, ಜೋಡುಪಾಲದ ಕಡೆ ಹಸಿರಿನ ನಡುವೆ ಕಂದು ಗೀರುಗಳಿದ್ದವು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಈ ರಸ್ತೆ ಮುಚ್ಚಿಹೋಗಿತ್ತು. ಅಪ್ಪ ಗೀರುಗಳನ್ನು ನೋಡಿ ತಲೆಯಾಡಿಸಿದರು, ಏನೂ ಹೇಳಲಿಲ್ಲ.

ಸುಳ್ಯ, ಪುತ್ತೂರು ದಾಟಿ ಬಿ.ಸಿ. ರೋಡ್ ಮೇಲೆ ಬಂದಾಗ ಫ್ಯಾನ್ ನಿಂತಿತು. ಕರೆಂಟ್ ಹೋಯಿತು.

ಕಂಪ್ಯೂಟರು ಯುಪಿಎಸ್ ಮೇಲಿದೆ. ಹೊಸದಿದ್ದಾಗ ಇಪ್ಪತ್ತು ನಿಮಿಷ ಬರುತ್ತಿತ್ತು, ಈಗ ಹತ್ತು ಬಂದರೆ ಪುಣ್ಯ. ರೌಟರ್‌ಗೆ ಅದೂ ಇಲ್ಲ. ನೆಟ್ ಕಡಿದ ಕೂಡಲೇ ನೆಲದ ಚಿತ್ರ ಬರುವುದು ನಿಂತಿತು. ಮುಂದಿದ್ದ ತೋಟ, ಮನೆ, ಗದ್ದೆ ಎಲ್ಲ ಹೋಗಿ ಒಂದೇ ಬಣ್ಣದ ಹಸಿರು ಜಮಖಾನ. ಕೆಳಗೆ ಯುಪಿಎಸ್ ಕುಂಯ್ ಕುಂಯ್ ಅನ್ನುತ್ತಿದೆ. ಕತ್ತಲ ಕೋಣೆ, ಪರದೆಯ ಬೆಳಕಿನಲ್ಲಿ ಅಪ್ಪನ ಬಿಳಿ ಪ್ಲಾಸ್ಟರ್ ಮಾತ್ರ ಹೊಳೆಯುತ್ತಿದೆ.

"ಇಳಿಸೋ ಬೇಗ!"

ಸುಮ್ನೆ ಇಳಿಸುವುದಕ್ಕಾಗುವುದಿಲ್ಲ. ಗಾಳಿ ನೈಋತ್ಯದಿಂದ, ಹಾಗಾಗಿ ಮಂಗಳೂರು ವಿಮಾನ ನಿಲ್ದಾಣದ ಬಜ್ಪೆ ರನ್‌ವೇಗೆ ಈಶಾನ್ಯದ ಕಡೆಯಿಂದ ಬರಬೇಕು. ನಾವಿರುವುದು ಅದರ ಆಗ್ನೇಯಕ್ಕೆ. ನನಗೆ ದಿಕ್ಕು ತಪ್ಪಿತು. ಅಪ್ಪ ಕಣ್ಣು ಮುಚ್ಚಿಕೊಂಡು ಹೇಳಿದರು: "ಬಿ.ಸಿ. ರೋಡಿಂದ ಬಲಕ್ಕೆ ಪೊಳಲಿ ರೋಡು. ಪೊಳಲಿ ದಾಟಿ ಕೈಕಂಬ. ಕೈಕಂಬದಲ್ಲಿ ಎಡಕ್ಕೆ ತಿರುಗಿದ್ರೆ ಬಜ್ಪೆ." ರಸ್ತೆಯೇ ಕಾಣದ ನೆಲದ ಮೇಲೆ ಅಪ್ಪನ ರಸ್ತೆ ಹಿಡಿದು ಉತ್ತರಕ್ಕೆ ಹೋದೆ. ಕೈಕಂಬ ಅನ್ನಿಸಿದಲ್ಲಿಂದ ಇನ್ನೂ ಸ್ವಲ್ಪ ಮುಂದೆ ಹೋಗಿ ಎಡಕ್ಕೆ ತಿರುಗಿಸಿದೆ. ರನ್‌ವೇ ದೀಪಗಳು ಎದುರಿಗೇ.

ಬಜ್ಪೆಯದು ಗುಡ್ಡದ ನೆತ್ತಿ ಸಮ ಮಾಡಿ ಕಟ್ಟಿದ ಟೇಬಲ್ ಟಾಪ್ ರನ್‌ವೇ. 2,450 ಮೀಟರ್ ಉದ್ದ, ಎರಡೂ ತುದಿಗೆ ಪ್ರಪಾತ. ಕೆಳಗೆ ಕಣಿವೆ ಇರುವುದರಿಂದ ನಾವು ಬಹಳ ಎತ್ತರದಲ್ಲಿದ್ದೇವೆ ಅನ್ನಿಸುತ್ತದೆ, ಆದರೆ ರನ್‌ವೇ ಹತ್ತಿರವೇ ಇರುತ್ತದೆ. 65 ನಾಟ್, ನಿಧಾನಕ್ಕೆ ಇಳಿಯಲು ರೆಕ್ಕೆಯ ಹಿಂದಂಚಿನ ಫ್ಲಾಪ್ ಪೂರ್ತಿ ಕೆಳಗೆ. ಚಕ್ರ ತಾಗಿತು, ಎರಡು ಸಲ ಪುಟಿಯಿತು, ನಿಂತಿತು. ಒಂದು ನಿಮಿಷವಾಗಿರಬಹುದು, ಪರದೆ ಕಪ್ಪಾಯಿತು.

ಕತ್ತಲಲ್ಲೇ ಕೂತಿದ್ದಾಗ ಅಪ್ಪ 2010ರ ಮೇ 22ರ ಬೆಳಗ್ಗೆಯ ಮಾತು ತೆಗೆದರು. ದುಬೈನಿಂದ ಬಂದ ವಿಮಾನ ಇದೇ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಹೋದರು, ಎಂಟು ಜನ ಉಳಿದರು. ಅಪ್ಪನ ರಾತ್ರಿ ಗಾಡಿ ಆಗ ತಾನೇ ಬಿಜೈ ನಿಲ್ದಾಣಕ್ಕೆ ಬಂದಿತ್ತಂತೆ. ಟೀ ಅಂಗಡಿಯ ರೇಡಿಯೋ, ಆಮೇಲೆ ಸಾಲು ಸಾಲು ಆಂಬುಲೆನ್ಸ್. ಅವತ್ತು ವಾಪಸ್ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ ಅಂದರು. ಕರೆಂಟ್ ಬಂದಾಗ ಹನ್ನೊಂದೂವರೆ.

ನಾಲ್ಕನೇ ದಿನ, ಶನಿವಾರ: ಮಂಗಳೂರು – ಗೋವಾ

ನಾಲ್ಕು ದಿನ ಬಿಡುವಾಗಲಿಲ್ಲ. ಶನಿವಾರ ಬೆಳಗ್ಗೆ ಅಪ್ಪ ನನಗಿಂತ ಮೊದಲೇ ಕುರ್ಚಿಯಲ್ಲಿದ್ದರು.

ಈ ಪ್ರವಾಸದಲ್ಲಿ ಒಂದೇ ದಿನ ಮಾಡುವುದಾದರೆ ಇದನ್ನು ಮಾಡಿ. ಸಮುದ್ರವನ್ನು ಎಡಕ್ಕಿಟ್ಟುಕೊಂಡು ಸಾವಿರ ಅಡಿಯಲ್ಲಿ ಉತ್ತರಕ್ಕೆ ಹೋಗುತ್ತಿದ್ದರಾಯಿತು, ದಾರಿ ತಪ್ಪುವ ಮಾತೇ ಇಲ್ಲ. ಕಾಪು, ಮಲ್ಪೆ, ಸೇಂಟ್ ಮೇರೀಸ್ ದ್ವೀಪ. ಆರು ಮೂಲೆಯ ಕಲ್ಲುಕಂಬಗಳಿಗೆ ಹೆಸರಾದ ದ್ವೀಪ ಮೇಲಿಂದ ಹುಲ್ಲು ಬೆಳೆದ ಬಿಸ್ಕತ್ತು.

ಮರವಂತೆಯಲ್ಲಿ ಎರಡು ಸುತ್ತು ಹಾಕಿದೆವು. ಹೆದ್ದಾರಿಯ ಒಂದು ಪಕ್ಕ ಅರಬ್ಬೀ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ. ಎಲ್ಲರೂ ಕಾರು ನಿಲ್ಲಿಸಿ ಫೋಟೋ ತೆಗೆಯುವ ಜಾಗ. ಆದರೆ ನೆಲದ ಮೇಲೆ ನಿಂತವರಿಗೆ ಗೊತ್ತಾಗದ ಒಂದು ವಿಷಯ ಇದೆ. ಹೊಳೆ ಇಲ್ಲಿ ಸಮುದ್ರ ಸೇರುವುದೇ ಇಲ್ಲ. ಕೊಲ್ಲೂರು ಕಡೆಯಿಂದ ಅಷ್ಟು ದೂರ ಬಂದು, ಕಡಲಿಗೆ ಒಂದು ರಸ್ತೆಯಷ್ಟು ಅಂತರ ಇರುವಾಗ, ಮುನಿಸಿಕೊಂಡ ಹಾಗೆ ತಿರುಗಿಬಿಡುತ್ತದೆ. ತೀರದ ಗುಂಟ ದಕ್ಷಿಣಕ್ಕೆ ಹರಿದು, ಗಂಗೊಳ್ಳಿಯಲ್ಲಿ ಬೇರೆ ಹೊಳೆಗಳ ಜೊತೆ ಸೇರಿಕೊಂಡ ಮೇಲೆಯೇ ಸಮುದ್ರಕ್ಕೆ ಇಳಿಯುತ್ತದೆ. ಆ ತಿರುವನ್ನು ಪೂರ್ತಿಯಾಗಿ ನೋಡಬೇಕಾದರೆ ಇಷ್ಟು ಎತ್ತರ ಬೇಕು.

ಮುರುಡೇಶ್ವರ ಅಪ್ಪ ಕಾಯುತ್ತಿದ್ದ ಜಾಗ. ಭಟ್ಕಳ ದಾಟಿದ ಮೇಲೆ ಮುಂದಕ್ಕೆ ಬಗ್ಗಿ ಕೂತರು. ಸಮುದ್ರಕ್ಕೆ ಚಾಚಿದ ಗುಡ್ಡ ಬಂತು. 123 ಅಡಿಯ ಶಿವ ಇಲ್ಲ. 20 ಅಂತಸ್ತಿನ ರಾಜಗೋಪುರ ಇಲ್ಲ. ಗೋಪುರ ಇರಬೇಕಾದಲ್ಲಿ ಬಾಲ್ಕನಿ ಇರುವ ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್. ಮೇಲಿಂದ ತೆಗೆದ ಫೋಟೋ ನೋಡಿ ಕಂಪ್ಯೂಟರ್ ಊಹಿಸಿದರೆ ಹೀಗೇ ಆಗುವುದು, ಅದಕ್ಕೆ ಚಾವಣಿ ಗೊತ್ತು, ಗೋಪುರ ಗೊತ್ತಿಲ್ಲ.

ಅಪ್ಪನ ಮುಖ ಸಪ್ಪಗಾಯಿತು. ನಾನು ಮುಂದಕ್ಕೆ ಹೋಗುವವನಿದ್ದೆ. "ತಡಿ, ತಡಿ. ಇದೇನಿದು?" ಅಂತ ಪರದೆ ಮುಟ್ಟಿದರು.

ನೆಲದ ಮೇಲೆ ಉದ್ದಕ್ಕೆ ಒಂದು ಕಪ್ಪು ಗುರುತು. ಬುಡದಲ್ಲಿ ಅಗಲ, ಹೋಗುತ್ತಾ ಹೋಗುತ್ತಾ ಸಪೂರ. ಗೋಪುರದ ನೆರಳು. ಉಪಗ್ರಹ ಫೋಟೋ ತೆಗೆದ ಬೆಳಗ್ಗೆ ಬಿದ್ದಿದ್ದ ನೆರಳು ನೆಲದ ಚಿತ್ರದ ಜೊತೆ ಹಾಗೇ ಉಳಿದುಕೊಂಡಿದೆ. ಗೋಪುರವಿಲ್ಲ, ಅದರ ನೆರಳಿದೆ. ಸೂರ್ಯನನ್ನು ಮಧ್ಯಾಹ್ನಕ್ಕೆ ಸರಿಸಿದೆ, ಸಂಜೆಗೆ ಸರಿಸಿದೆ. ಅಪಾರ್ಟ್‌ಮೆಂಟಿನ ನೆರಳು ಸುತ್ತ ತಿರುಗಿತು. ಗೋಪುರದ್ದು ಅಲ್ಲಾಡಲಿಲ್ಲ. ಅಪ್ಪ ಕೂತಲ್ಲೇ ಕೈ ಮುಗಿದರು. ಭಕ್ತಿಯೋ ತಮಾಷೆಯೋ ಕೇಳಲಿಲ್ಲ.

ಹೊನ್ನಾವರದ ಶರಾವತಿ, ಗೋಕರ್ಣದ ಓಂ ಬೀಚ್ ದಾಟಿ ಕಾರವಾರದಲ್ಲಿ ಕಾಳಿ ನದಿ. ಎರಡು ಸೇತುವೆಗಳು ಪಕ್ಕಪಕ್ಕ. ಹಳೆಯದು 2024ರ ಆಗಸ್ಟ್‌ನಲ್ಲಿ ರಾತ್ರಿ ಹೊತ್ತು ಕುಸಿದು ಬಿತ್ತಲ್ಲ, ಇಲ್ಲಿ ಗಟ್ಟಿಯಾಗಿ ನಿಂತಿದೆ. ನನಗೆ ಹಳೆಯದೊಂದು ನೆನಪಾಯಿತು. ಕಾಲೇಜಿನಲ್ಲಿ ನಾನು ಆಡಿದ ಮೊದಲ ಸಿಮ್‌ನಲ್ಲಿ ಆಟ ಶುರುವಾಗುತ್ತಿದ್ದದ್ದು ಶಿಕಾಗೋದ ಕೆರೆ ದಂಡೆಯ ಮೆಗ್ಸ್ ಫೀಲ್ಡ್‌ನಿಂದ. 2003ರ ಮಾರ್ಚ್‌ನಲ್ಲಿ ಒಂದು ರಾತ್ರಿ ಮೇಯರ್ ಬುಲ್ಡೋಜರ್ ಕಳಿಸಿ ಆ ರನ್‌ವೇಯನ್ನು ಅಗೆಸಿಬಿಟ್ಟರು. ಹಳೇ ಸಿಡಿ ಇಟ್ಟುಕೊಂಡವರು ಇವತ್ತಿಗೂ ಅಲ್ಲಿ ಇಳಿಯುತ್ತಾರೆ.

"ಈ ಸೇತುವೆ ಮೇಲೆ ಒಂದ್ಸಲ ಕೆಳಗೇ ಹೋಗು," ಅಂದರು ಅಪ್ಪ. ಇನ್ನೂರು ಅಡಿಗೆ ಇಳಿದು, ಹಳೆಯ ಸೇತುವೆಯ ಉದ್ದಕ್ಕೂ ಹೋಗಿ, ಗೋವಾದ ದಾಬೋಲಿಂ ವಿಮಾನ ನಿಲ್ದಾಣದ ದಾರಿ ಹಿಡಿದೆವು.

ಐದನೇ ದಿನ, ಭಾನುವಾರ: ಗೋವಾ – ಜೋಗ – ಹುಬ್ಬಳ್ಳಿ

ಜೋಗದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. 253 ಮೀಟರಿನ ಆ ನೇರ ಗೋಡೆಯನ್ನು ಮೇಲಿಂದ ತೆಗೆದ ಫೋಟೋದಲ್ಲಿ ನೋಡಿದರೆ ಅದು ಒಂದು ಗೆರೆಯಷ್ಟೇ ಅಲ್ವಾ. ಆ ಗೆರೆಯನ್ನು ಎಳೆದು ಇಡೀ ಗೋಡೆಗೆ ಬಳಿದರೆ ಹೇಗಿರಬೇಕೋ ಹಾಗಿತ್ತು, ಒದ್ದೆ ಕೈಯಲ್ಲಿ ಒರೆಸಿದ ರಂಗೋಲಿ. ರಾಜ, ರಾಣಿ, ರೋರರ್, ರಾಕೆಟ್ ಯಾರೂ ಮನೆಯಲ್ಲಿರಲಿಲ್ಲ. "ಮಳೆಗಾಲದಲ್ಲಿ ಹೋದರೂ ಮಂಜೇ ಕಾಣೋದು. ಜೋಗ ಕೇಳಿಸ್ಕೋಬೇಕು," ಅಂದರು ಅಪ್ಪ. ಎಂಜಿನ್ ಸದ್ದು ಬಿಟ್ಟರೆ ನಮಗೇನೂ ಕೇಳಲಿಲ್ಲ.

ಲಿಂಗನಮಕ್ಕಿ ಹಿನ್ನೀರು ಮಾತ್ರ ಚೆನ್ನಾಗಿತ್ತು. ಮುಳುಗಿದ ಗುಡ್ಡಗಳ ತಲೆಗಳೆಲ್ಲ ದ್ವೀಪಗಳಾಗಿ ನಿಂತಿವೆ. ಅಲ್ಲಿ ಜಾಯ್‌ಸ್ಟಿಕ್ಕನ್ನು ಅಪ್ಪನ ಕಡೆ ತಳ್ಳಿದೆ. ಮೊದಲ ದಿನದಿಂದ ಕೊಡುತ್ತಾ ಬಂದಿದ್ದೆ, ಮುಟ್ಟಿರಲಿಲ್ಲ. ಅಪಘಾತ ಮಾಡದ್ದಕ್ಕೆ ಬೆಳ್ಳಿ ಪದಕ ತಗೊಂಡ ಚಾಲಕರು ಅವರು. "29 ವರ್ಷ ಒಂದು ಗೀರು ಬಿದ್ದಿಲ್ಲ. ಈಗ ನಿನ್ನ ಆಟದಲ್ಲಿ ಕೆಡಿಸ್ಕೊಳ್ಳಲಾ?" ಅನ್ನುತ್ತಿದ್ದರು. ಇವತ್ತು ಕೆಳಗೆ ನೀರು, ಎದುರಿಗೆ ಖಾಲಿ ಆಕಾಶ. ಹಿಡಿದರು.

ದೊಡ್ಡ ಸ್ಟಿಯರಿಂಗ್ ತಿರುಗಿಸಿದ ಕೈ. ಮೊದಲ ಸಲ ಎಳೆದಾಗ ರೆಕ್ಕೆ ಅರ್ಧ ಮಗುಚಿತು. "ಹಿಡೀಬೇಡಿ ಅಪ್ಪ, ಬೆರಳಿಡಿ ಸಾಕು," ಅಂದೆ. ಎರಡು ನಿಮಿಷದಲ್ಲಿ ಸರಿಹೋಯಿತು. ಸಾಗರದಿಂದ ಶಿರಸಿ ದಿಕ್ಕಿಗೆ ಇಪ್ಪತ್ತು ನಿಮಿಷ ಅವರೇ ಓಡಿಸಿದರು, ಕಾಡಿನ ಮೇಲೆ, ರಸ್ತೆಯನ್ನು ಸರಿಯಾಗಿ ಎಡ ಕಿಟಕಿಯ ಕೆಳಗೆ ಇಟ್ಟುಕೊಂಡು. ಎದುರಿಗೆ ಒಂದು ಮೋಡ ಬಂದಾಗ ಬಲಗಾಲಿನ ಪ್ಲಾಸ್ಟರ್ ದಿಂಬಿನ ಮೇಲೆ ಒಮ್ಮೆ ಒತ್ತಿತು. ಬ್ರೇಕ್.

ಹುಬ್ಬಳ್ಳಿಯಲ್ಲಿ ಇಳಿಸಿದ್ದು ನಾನೇ. ಪದಕದ ಪ್ರಶ್ನೆ.

ಸಂಜೆ ಲಾಗ್ ಶೀಟ್ ತಂದು ನನ್ನ ಮುಂದಿಟ್ಟರು. ನೀಟಾಗಿ ತುಂಬಿದ್ದಾರೆ. ಎರಡನೇ ದಿನ: 'ಮಂಜು, ಟ್ರಿಪ್ ರದ್ದು'. ಮೂರನೇ ದಿನ: 'ಬಿ.ಸಿ. ರೋಡ್ ಬಳಿ ಬ್ರೇಕ್‌ಡೌನ್, ಸ್ವಂತ ಬಲದಿಂದ ತಲುಪಿದೆ'. ನಾಲ್ಕನೇ ದಿನ: 'ಮರವಂತೆ, ಹೆಚ್ಚುವರಿ ಸುತ್ತು 2'. ಐದನೇ ದಿನದ ಚಾಲಕರ ಕಲಮಿನಲ್ಲಿ ನನ್ನ ಹೆಸರಿನ ಕೆಳಗೆ ಅವರ ಹೆಸರು, ಪಕ್ಕದಲ್ಲಿ ಹಳೆಯ ಬ್ಯಾಡ್ಜ್ ನಂಬರು. ಕೆಎಂಪಿಎಲ್ ಸರಾಸರಿ 5.4. ಅದಕ್ಕೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದಾರೆ.

"ಕಡಿಮೆ ಬಂತು," ಅಂದರು. "ನೀನು ಜಾಸ್ತಿ ಸುತ್ತು ಹಾಕ್ತೀಯ. ಇಲ್ಲಿ ಸೈನ್ ಹಾಕು."